ಗೃಹಸ್ಥನ ನಾಲ್ಕು ಗಂಟುಗಳು

2008ರ ಜನವರಿಯಲ್ಲಿ 21,000ವನ್ನು ಮುಟ್ಟಿದ್ದ ಮುಂಬಯಿಯ ಷೇರು ಸೂಚ್ಯಂಕವು ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿದುದನ್ನು ವಾಚಕರು ಮರೆತಿರಲಾರರು. ಆ ವರ್ಷವೇ ನಮ್ಮಲ್ಲಿ ಚಿನ್ನದ ಬೆಲೆಯು ಏರಿತು. ಷೇರು, ಸಾಲಪತ್ರ, ಚಿನ್ನ, ನಗದು ಎಂಬ ನಾಲ್ಕರಲ್ಲಿ ಧನವನ್ನು ಸಮನಾಗಿ ಹಂಚಿಡಬೇಕೆಂದು ಅಮೆರಿಕದ ಹ್ಯಾರಿ ಬ್ರೌನರು ಸೂಚಿಸಿದುದರ ಮರ್ಮವಿದೇ. ಯಾವುದೊಂದು ಭಾಗವು ನೂರಕ್ಕೆ 35ನ್ನು ಮೀರಿದರೂ 15ಕ್ಕಿಂತ ಕುಗ್ಗಿದರೂ, ಏರಿದುದನ್ನು ಮಾರಿ ಇಳಿದುದನ್ನು ಕೊಂಡು ಮತ್ತೆ ಸಮಗೊಳಿಸತಕ್ಕದ್ದು. ಮನಸ್ಸು ಸುಲಭವಾಗಿ ಒಪ್ಪದ ಕೆಲಸವಿದು. ಆದುದರಿಂದಲೇ ನಿಯಮವು ಬೇಕು.

ಷೇರುಪೇಟೆಯು ಏರುತ್ತಿರುವಾಗ ಈ ಕ್ರಮದಿಂದ ಲಾಭವು ಕಡಿಮೆಯೆಂಬುದನ್ನು ನಾವು ಬಲ್ಲೆವು. ಆದರೆ ನಿವೃತ್ತಿಯ ಅಂಚಿನಲ್ಲಿರುವ ನೌಕರನಿಗೆ ಪೇಟೆಯು ಚೇತರಿಸುವವರೆಗೆ ಕಾಯಲು ವಯಸ್ಸೆಲ್ಲಿದೆ? ಹೆಂಡತಿಯ ಒಡವೆಗಳನ್ನು ಮಾತ್ರ ಯಾರೂ ಈ ಲೆಕ್ಕಕ್ಕೆ ಸೇರಿಸಬಾರದು. ಮಾರಲು ಮನಸ್ಸು ಬಾರದ ಚಿನ್ನವು ಆಪತ್ಕಾಲಕ್ಕೆ ಒದಗದು.