ಮೋಡಿ ಓದುವವರ ಪಟ್ಟಿ ಬೇಕು



ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಸಂಸ್ಥಾನಗಳ ಕಾಲದ ಎಷ್ಟೋ ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ, ಇನಾಮು ಸನದುಗಳು ಮರಾಠಿಯ ಮೋಡಿ ಲಿಪಿಯಲ್ಲಿವೆ. ಈಗ ಮರಾಠಿ ಬಲ್ಲ ಹೆಚ್ಚಿನವರಿಗೂ ಅದನ್ನು ಓದಲು ಬಾರದು. ಆಲಮಟ್ಟಿ ಅಣೆಕಟ್ಟೆಯ ನೀರನ್ನು 524.256 ಮೀಟರಿಗೆ ಏರಿಸುವ ಯೋಜನೆಯಿಂದ ಜಮೀನು ಮುಳುಗಲಿರುವ ಕೃಷ್ಣಾ ದಂಡೆಯ ನಮ್ಮಂಥವರಿಗೆ ಪರಿಹಾರ ಪಡೆಯಲು ಭೂಮಿಯ ಹಳೆಯ ಹಕ್ಕುಪತ್ರಗಳು ಮತ್ತೆ ಬೇಕಾಗಿವೆ. ಓದುವವರನ್ನು ಹುಡುಕಿ ಕೊಲ್ಲಾಪುರ, ಪುಣೆಗೆ ಹೋಗಬೇಕು. ಅವರು ಹೇಳಿದ್ದೇ ದರ, ಓದಿದ್ದೇ ಅರ್ಥ. ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಜರ್ಮನಿಯಲ್ಲಿ ನ್ಯಾಯಾಲಯಕ್ಕಾಗಿ ಪ್ರಮಾಣವಚನ ಪಡೆದ ಅನುವಾದಕರ ಪಟ್ಟಿ ಸಾರ್ವಜನಿಕರಿಗೆ ಸಿಗುತ್ತದೆ. ಕೊರಿಯನ್ ಭಾಷೆಯ ಕರಾರಿಗೂ ಅಲ್ಲಿ ಅನುವಾದಕರು ಸಿಗುತ್ತಾರೆ. ಆದರೆ ನಮ್ಮ ಅಜ್ಜನ ಕಾಗದ ಓದುವವರು ನಮ್ಮ ತಾಲೂಕಿನಲ್ಲಿ ಸಿಗುವುದಿಲ್ಲ!

ಜಿಲ್ಲಾಡಳಿತವು ಮೋಡಿ ಬಲ್ಲವರನ್ನು ಪರೀಕ್ಷಿಸಿ, ದರ ನಿಗದಿ ಮಾಡಿ, ಅವರ ಹೆಸರುಗಳನ್ನು ಪ್ರತಿ ತಹಶೀಲ್ದಾರ ಕಚೇರಿಯಲ್ಲಿ ಹಚ್ಚಲಿ. ಜಮಖಂಡಿಯಲ್ಲೇ ಇರುವ ಬಾಗಲಕೋಟೆ ವಿಶ್ವವಿದ್ಯಾಲಯವು ಮೋಡಿ ಕಲಿಸುವ ಸಣ್ಣ ಕೋರ್ಸೊಂದನ್ನು ಆರಂಭಿಸಲಿ. ಪರಿಹಾರದ ಹಣ ಹಂಚುವ ಮೊದಲೇ ಇದಾಗಬೇಕು.

— ಒಬ್ಬ ರೈತ, ಗಲಗಲಿ