ತೇವಕ್ಕೂ ಒಂದು ಲೆಕ್ಕ

ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಗಾಳಿ ಒಣಗಿತೆಂದೇ ಅರ್ಥ. ಬೆಳಿಗ್ಗೆ ಒಗೆದು ಹಾಕಿದ ಧೋತರ ಪೂಜೆ ಮುಗಿಯುವುದರೊಳಗೆ ಹಪ್ಪಳವಾಗಿರುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. ಈ ಗಾಳಿ ಒಗ್ಗುವುದು ಮೆಣಸಿನಕಾಯಿಗೆ ಮಾತ್ರ. ಬ್ಯಾಡಗಿ ಪೇಟೆಗೆ ಬರುವ ಡಬ್ಬಿ, ಕಡ್ಡಿ ಕಾಯಿಗಳು ಕಣದಲ್ಲಿ ಒಣಗಿ ಸುಕ್ಕುಗಟ್ಟುವುದು ಇದರಿಂದಲೇ.

ಹೋದ ಮಾರ್ಚಿನಲ್ಲಿ ಬ್ಯಾಡಗಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂತು. ಈಗ ಅವನು ಮೆಣಸಿನಕಾಯಿ ವ್ಯಾಪಾರಿ. ಆರು ವರ್ಷದ ಮಗನಿಗೆ ರಾತ್ರಿ ಮೂಗಿನಿಂದ ರಕ್ತ. ಡಾಕ್ಟರು ಪರೀಕ್ಷಿಸಿ, ಒಣಗಾಳಿಗೆ ಮೂಗಿನ ಒಳಪೊರೆ ಬಿರಿಯುತ್ತಿದೆ, ಹೆದರಬೇಡಿ ಎಂದಿದ್ದರು. ಬೆಂಗಳೂರಿನ ಭಾವಮೈದುನ ತಾನಾಗಿ ನಡೆಯುವ ಹ್ಯುಮಿಡಿಫೈಯರ್ ತಂದುಕೊಟ್ಟಿದ್ದ.

"ಸರ, ಅದಕ್ಕ ತನ್ನದ ಬುದ್ಧಿ ಐತ್ರಿ, ಐವತ್ತಕ್ಕ ಇಟ್ರ ಐವತ್ತಕ್ಕ ನಿಂದರತೈತಿ ಅಂದಿದ್ರು. ಹದಿನೈದು ದಿನಾ ಆತು, ಮಷೀನೂ ನಿಂತಿಲ್ಲ, ಹುಡುಗನ ಮೂಗೂ ನಿಂತಿಲ್ಲ. ಈಗ ಕಾಯಿ ಚೀಲಾ ವಾಸನಿ ಹೊಡಿಯಾಕ ಹತ್ಯಾವ್ರಿ."

ಭಾನುವಾರ ರಾಣೆಬೆನ್ನೂರಿನಿಂದ ಬಸ್ಸು ಹಿಡಿದೆ. ಚೀಲದಲ್ಲಿ ಎರಡು ಉಷ್ಣತಾಮಾಪಕ, ಒಂದು ಹತ್ತಿಯ ಬತ್ತಿ, ಒಂದು ಕೋಷ್ಟಕ. ಎರಡರಲ್ಲಿ ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿ ಫ್ಯಾನಿನ ಗಾಳಿಗೆ ಹಿಡಿದರೆ ನೀರು ಆವಿಯಾಗುತ್ತ ಗುಪ್ತೋಷ್ಣವನ್ನು ಕಸಿದುಕೊಂಡು ಪಾದರಸವನ್ನು ಇಳಿಸುತ್ತದೆ. ಗಾಳಿ ಒಣಗಿದಷ್ಟೂ ಇಳಿತ ಹೆಚ್ಚು. ರೇಷ್ಮೆ ಸಾಕುವ ರೈತರಿಗೆ ಇದು ಹೊಸತಲ್ಲ. ಚಾಕಿ ಹುಳುವಿಗೆ ಶೇ. 85ರಷ್ಟು ಆರ್ದ್ರತೆ ಬೇಕು, ದೊಡ್ಡ ಹುಳುವಿಗೆ 70 ಸಾಕು. ಹುಳುವಿಗೆ ಹಿಡಿಯುವ ಲೆಕ್ಕವನ್ನು ನಾವು ಮಕ್ಕಳ ಕೋಣೆಯಲ್ಲಿ ಹಿಡಿಯುವುದಿಲ್ಲ, ಅಷ್ಟೇ.

ಅಂದು ರಾತ್ರಿ ಕಿಟಕಿಯ ಬಳಿ ಒಣ ಬುರುಡೆ 30 ಡಿಗ್ರಿ, ಒದ್ದೆಯದು 18. ಕೋಷ್ಟಕದ ಪ್ರಕಾರ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 30. ಅಂದರೆ ಆ ಬಿಸಿಯಲ್ಲಿ ಗಾಳಿ ಹೊರಬಲ್ಲ ನೀರಾವಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಹುಡುಗನ ತಲೆದಿಂಬಿನ ಹತ್ತಿರ 30 ಮತ್ತು 20, ಶೇ. 39. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಕಾಯಿ ಚೀಲಗಳು. ಒಣ ಬುರುಡೆ 27, ಒದ್ದೆಯದು 22.5, ಶೇ. 68!

ಗುಟ್ಟು ಹೊರಬಿತ್ತು. ಯಂತ್ರದ ತೇವ ಅಳೆಯುವ ಗುಂಡಿ ಒಂದು ವೈರಿನ ತುದಿಯಲ್ಲಿತ್ತು. ಅದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು. ಹೊರಗಿನ ಒಣಗಾಳಿ ನೇರವಾಗಿ ಅದಕ್ಕೆ ಬಡಿಯುತ್ತಿತ್ತು. ಅದು ಕಾಯುತ್ತಿದ್ದುದು ಇಡೀ ಬ್ಯಾಡಗಿ ತಾಲ್ಲೂಕು ಐವತ್ತಕ್ಕೆ ಬರಲೆಂದು. ಯಂತ್ರದ ಕೊಳವೆ ಮಾತ್ರ ಚೀಲದ ಕೋಣೆಯತ್ತ ಮುಖ ಮಾಡಿತ್ತು. ಮಂಜೆಲ್ಲ ಅಲ್ಲಿಗೆ ಹೋಗುತ್ತಿತ್ತು.

ಎಷ್ಟು ನೀರು ಬೇಕೆಂದು ಮಗುವಿನ ಪಾಟಿಯ ಮೇಲೆ ಬರೆದು ತೋರಿಸಿದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹೊರುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಎಂದರೆ 34 ಘನ ಮೀಟರ್. 30ರಿಂದ 50ಕ್ಕೆ ಏರಿಸಲು ಬೇಕಾದದ್ದು ಕೇವಲ 200 ಗ್ರಾಂ, ಒಂದು ಲೋಟ ನೀರು! ಆದರೆ ಕೋಣೆಯ ಗಾಳಿ ಗಂಟೆಗೊಮ್ಮೆ ಬದಲಾದರೆ ಗಂಟೆಗೊಂದು ಲೋಟ. ಹೆಂಚಿನ ಸಂದು, ತೆರೆದ ಕಿಟಕಿ ಸೇರಿ ಐದು ಸಲ ಬದಲಾದರೆ ಎಂಟು ತಾಸಿಗೆ ಎಂಟು ಲೀಟರ್. ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಗುಂಡಿಯನ್ನು ಹುಡುಗನ ತಲೆಯ ಮಟ್ಟಕ್ಕೆ, ಮಂಜು ನೇರ ತಾಗದ ಕಡೆ ಕಟ್ಟಿಸಿದೆ. ಕಾಯಿ ಕೋಣೆಯ ಬಾಗಿಲು ಭದ್ರ. ಕಿಟಕಿ ನಾಲ್ಕು ಬೆರಳಷ್ಟು ಮಾತ್ರ ತೆರೆ. ಟಿ.ವಿ. ಮೇಲೆ ಬಿಳಿ ಪುಡಿ ಕೂತಿತ್ತು. ಅದು ಬೋರಿನ ಗಡಸು ನೀರಿನ ಸುಣ್ಣ. ಈ ಯಂತ್ರ ನೀರನ್ನು ಕಾಯಿಸುವುದಿಲ್ಲ, ಕಂಪನದಿಂದ ಸಿಡಿಸುತ್ತದೆ, ಹಾಗಾಗಿ ನೀರಿನಲ್ಲಿದ್ದ ಲವಣ, ರೋಗಾಣು ಎಲ್ಲವೂ ಗಾಳಿಗೆ. ಶುದ್ಧೀಕರಿಸಿದ ನೀರು ಹಾಕಿ, ತೊಟ್ಟಿಯನ್ನು ದಿನಾ ತೊಳೆಯಿರಿ ಎಂದೆ.

ಹುಡುಗನ ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಮ್ಮ ಕಾಲದಾಗ ಒದ್ದಿ ಸೀರಿ ಹಗ್ಗಕ್ಕ ಹಾಕಿ ಮಲಗತಿದ್ವಿ ಮಾಸ್ತರ," ಎಂದರು. ನನಗಂತೂ ಅದೇ ಹೆಚ್ಚು ಇಷ್ಟ. ಗಾಳಿ ಒಣಗಿದ್ದರೆ ಸೀರೆ ಬೇಗ ನೀರು ಬಿಡುತ್ತದೆ, ತೇವವಾದಂತೆ ತಾನೇ ನಿಧಾನಿಸುತ್ತದೆ. ಗುಂಡಿಯೂ ಬೇಡ, ವೈರೂ ಬೇಡ. ಮೇಲಾಗಿ ಅದು ಆವಿಯನ್ನಷ್ಟೇ ಬಿಡುತ್ತದೆ, ಸುಣ್ಣ ಸೀರೆಯಲ್ಲೇ ಉಳಿಯುತ್ತದೆ. ನಡುರಾತ್ರಿ ಎದ್ದು ಮತ್ತೆ ಒದ್ದೆ ಮಾಡಬೇಕು, ಅದೊಂದೇ ಕಷ್ಟ.

ಚೀಲಗಳ ಮಾತು ಉಳಿದಿತ್ತು. ಕೈಹಾಕಿ ನೋಡಿದೆವು. ಚಟ್ಟನೆ ಮುರಿಯಬೇಕಾದ ಕಾಯಿ ತೊಗಲಿನಂತೆ ಬಗ್ಗಿತು. ಒಣಮೆಣಸಿನಕಾಯಿಯಲ್ಲಿ ತೇವ ಶೇ. 11 ದಾಟಬಾರದೆಂದು ಆಹಾರ ಸುರಕ್ಷತೆಯ ನಿಯಮ. ಬಹಳಷ್ಟು ಚೀಲಗಳು ಎರಡು ಬಿಸಿಲು ಕಂಡರೆ ಸರಿಹೋಗುವಂತಿದ್ದವು. ಬಾಗಿಲ ಬಳಿಯ ಎರಡರಲ್ಲಿ ಮಾತ್ರ ಬೂಷ್ಟು ಹಿಡಿದಿತ್ತು.

"ಒರಸಿ ಒಣಗಿಸಿದ್ರ ಗೊತ್ತಾಗಂಗಿಲ್ರಿ ಸರ. ನಾಳೆ ಸೋಮವಾರ, ಪ್ಯಾಟಿ ಐತಿ," ಎಂದ.

ಗೊತ್ತಾಗುವುದಿಲ್ಲ, ನಿಜ. ಬೂಷ್ಟು ಒರೆಸಿದರೆ ಹೋಗುತ್ತದೆ. ಆದರೆ ಕೆಲವು ಬೂಷ್ಟುಗಳು ಕಾಯಿಯೊಳಗೆ ಬಿಡುವ ಅಫ್ಲಟಾಕ್ಸಿನ್ ಎಂಬ ವಿಷ ಒರೆಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ, ಒಗ್ಗರಣೆಯ ಕಾವಿಗೂ ಪೂರ್ತಿ ನಾಶವಾಗುವುದಿಲ್ಲ. ದಿನಗಳೆದಂತೆ ಪಿತ್ತಕೋಶಕ್ಕಲ್ಲ, ನೇರ ಯಕೃತ್ತಿಗೇ ಏಟು. ಇದನ್ನು ಹೇಳಿದೆ. ಅವನು ಏನೂ ಅನ್ನಲಿಲ್ಲ. ಎರಡು ಚೀಲವೆಂದರೆ ಸಣ್ಣ ದುಡ್ಡಲ್ಲ, ಅದು ನನಗೂ ಗೊತ್ತಿತ್ತು. ನಾನೂ ಒತ್ತಾಯ ಮಾಡದೆ ಬಸ್ಸಿಗೆ ಬಂದೆ.

ಯುಗಾದಿ ಕಳೆದ ಮೇಲೆ ಮತ್ತೆ ಹೋಗಿದ್ದೆ. ಹುಡುಗನ ಮೂಗು ಸುಧಾರಿಸಿತ್ತು. ಯಂತ್ರ ಅಟ್ಟ ಸೇರಿತ್ತು. ಅಜ್ಜಿಯ ಸೀರೆ ಹಗ್ಗದ ಮೇಲಿತ್ತು. ಆ ಎರಡು ಚೀಲ ಏನಾದವು ಎಂದು ನಾನು ಕೇಳಲಿಲ್ಲ. ಚಹಾ ಕುಡಿಯುವಾಗ ಹುಡುಗನೇ ಕೈಹಿಡಿದು ಹಿತ್ತಲಿಗೆ ಕರೆದೊಯ್ದು, ತೆಂಗಿನ ಗಿಡದಾಚೆ ಹೊಸದಾಗಿ ಮುಚ್ಚಿದ ಒಂದು ಕುಣಿ ತೋರಿಸಿದ. "ಅಪ್ಪಾ ಇಲ್ಲಿ ಮೆಣಸಿನಕಾಯಿ ಹುಗದಾನ್ರಿ. ಇನ್ನೂ ಯಾಕ ನಾಟಿಲ್ರಿ?"