‘ಹತ್ತು ಗಂಟೆಗಳವರೆಗೆ’ ಎಂದರೆ ಎಷ್ಟು ಗಂಟೆ? ಲ್ಯಾಪ್‌ಟಾಪ್ ಜಾಹೀರಾತು ಮತ್ತು ನಿತ್ಯದ ಬಳಕೆ

ಶಾಲಾ-ಕಾಲೇಜುಗಳು ಪುನರಾರಂಭಗೊಳ್ಳುವ ದಿನಗಳು ಸಮೀಪಿಸುತ್ತಿದ್ದಂತೆಯೇ ಮಹಾನಗರಗಳ ದಿನಪತ್ರಿಕೆಗಳ ಮುಖಪುಟವನ್ನು ಲ್ಯಾಪ್‌ಟಾಪ್ ಜಾಹೀರಾತುಗಳು ಆವರಿಸಿಕೊಳ್ಳುವುದು ವಾಡಿಕೆಯಾಗಿದೆ. ಹೊರನಾಡಿನಲ್ಲಿ ನೆಲೆನಿಂತ ನಮ್ಮ ಕುಟುಂಬಗಳಲ್ಲಿ ಮಗನೋ ಮಗಳೋ ಹನ್ನೆರಡನೆಯ ತರಗತಿ ದಾಟಿದೊಡನೆ ಕೊಳ್ಳಬೇಕಾಗಿ ಬರುವ ಮೊದಲ ದೊಡ್ಡ ವಸ್ತುವೂ ಇದೇ. ಐವತ್ತು-ಅರುವತ್ತು ಸಾವಿರ ರೂಪಾಯಿ ಎಂದರೆ ಸಂಬಳದಾರರ ಮನೆಗೆ ಸಣ್ಣ ಮೊತ್ತವಲ್ಲ. ಪ್ರೊಸೆಸರ್, ಮೆಮೊರಿ ಮುಂತಾದ ವಿವರಗಳು ಹಿರಿಯರಿಗೆ ಅರ್ಥವಾಗದಿದ್ದರೂ ಒಂದು ಸಂಖ್ಯೆ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ಅದು ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬುದು. ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗುವುದೂ ಅದೇ. ದುರ್ದೈವವೆಂದರೆ, ಎಲ್ಲರಿಗೂ ಅರ್ಥವಾಯಿತೆಂದು ನಾವು ಭಾವಿಸುವ ಆ ಸಂಖ್ಯೆಯೇ ಇಡೀ ಪಟ್ಟಿಯಲ್ಲಿ ಅತ್ಯಂತ ಅಸ್ಪಷ್ಟವಾದದ್ದು.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಮನೆಯ ಘಟನೆಯೊಂದು ಕಾರಣ. ಪುಣೆಯಲ್ಲಿರುವ ನನ್ನ ತಂಗಿಯ ಮಗಳಿಗೆ ಪದವಿಯ ಕೊನೆಯ ವರ್ಷದಲ್ಲಿ ಹೊಸ ಲ್ಯಾಪ್‌ಟಾಪ್ ಕೊಡಿಸಲಾಗಿತ್ತು. ಪೆಟ್ಟಿಗೆಯ ಮೇಲೆ ಹತ್ತು ಗಂಟೆಗಳ ಮಾತಿತ್ತು. ದುರಸ್ತಿಗೆಂದು ಗುರುವಾರಗಳಂದು ವಿದ್ಯುತ್ ನಿಲ್ಲಿಸುವ ಪದ್ಧತಿ ಪುಣೆಯ ಓದುಗರಿಗೆ ಪರಿಚಿತವೇ. ಅಂಥದೊಂದು ಗುರುವಾರ ಮಧ್ಯಾಹ್ನ ಆಕೆಗೆ ಉದ್ಯೋಗದ ಸಂದರ್ಶನವಿತ್ತು, ಅದೂ ವೀಡಿಯೊ ಕರೆಯ ಮೂಲಕ. ಅಂತರ್ಜಾಲಕ್ಕೆ ಮೊಬೈಲ್ ಇತ್ತು, ಬ್ಯಾಟರಿಗೆ ಹತ್ತು ಗಂಟೆಗಳ ಭರವಸೆಯಿತ್ತು. ಆದ್ದರಿಂದ ಬೆಳಗ್ಗೆ ಹತ್ತಕ್ಕೆ ವಿದ್ಯುತ್ ಹೋದಾಗ ಯಾರೂ ಚಿಂತಿಸಲಿಲ್ಲ. ಆಕೆ ಗೆಳತಿಯೊಡನೆ ಎರಡು ಗಂಟೆ ಪ್ರಶ್ನೋತ್ತರದ ಅಭ್ಯಾಸವನ್ನೂ ಅದರಲ್ಲೇ ನಡೆಸಿದಳು. ಒಂದು ಗಂಟೆಯ ಹೊತ್ತಿಗೆ, ಸಂದರ್ಶನದ ನಡುವೆಯೇ, ಪರದೆ ಕಪ್ಪಾಯಿತು. ಉಳಿದ ಮಾತು ಮೊಬೈಲಿನಲ್ಲಿ ಹೇಗೋ ಮುಗಿಯಿತು. ಕೆಲಸ ಸಿಗಲಿಲ್ಲ. ಅದಕ್ಕೆ ಬ್ಯಾಟರಿಯೇ ಕಾರಣವೆಂದು ಹೇಳುವುದು ನ್ಯಾಯವಲ್ಲ, ಅಲ್ಲವೆಂದು ಆಕೆಯ ತಾಯಿಗೆ ಹೇಳುವ ಧೈರ್ಯವೂ ನನಗಿಲ್ಲ.

ಮಾರಿದ ಅಂಗಡಿಯಲ್ಲಿ ವಿಚಾರಿಸಿದಾಗ ಅಲ್ಲಿನವರು ಪೆಟ್ಟಿಗೆಯನ್ನು ತಿರುಗಿಸಿ ಎರಡು ಪುಟ್ಟ ಇಂಗ್ಲಿಷ್ ಪದಗಳ ಮೇಲೆ ಬೆರಳಿಟ್ಟರು. ‘ಅಪ್ ಟು’. ಹತ್ತು ಗಂಟೆ ಎಂದು ಯಾರೂ ಹೇಳಿಲ್ಲ, ಹತ್ತು ಗಂಟೆಗಳವರೆಗೆ ಎಂದಷ್ಟೇ ಹೇಳಿದೆ ಎಂಬುದು ಅವರ ವಾದ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಗ್ಲಿಷಿನ ‘ಅಪ್ ಟು’ ಎಂಬುದು ಮೇಲಿನ ಮಿತಿಯನ್ನು ಸೂಚಿಸುತ್ತದೆ. ಇದಕ್ಕಿಂತ ಹೆಚ್ಚಿಲ್ಲ ಎಂಬುದು ಅದರ ಅರ್ಥ, ಎಷ್ಟು ಕಡಿಮೆಯಾದರೂ ಆದೀತು. ಅದನ್ನು ಕನ್ನಡಕ್ಕೆ ತರುವಾಗ ‘ವರೆಗೆ’ ಎನ್ನುತ್ತೇವೆ. ಆದರೆ ಕನ್ನಡದಲ್ಲಿ ‘ಸಂಜೆಯವರೆಗೆ ಮನೆಯಲ್ಲಿರುತ್ತೇನೆ’ ಎಂದು ಒಬ್ಬರು ಹೇಳಿದರೆ ಅದು ಮಾತು ಕೊಟ್ಟಂತೆ. ಮಧ್ಯಾಹ್ನ ಎರಡಕ್ಕೇ ಎದ್ದು ಹೋದವರನ್ನು ನಾವು ಮಾತಿಗೆ ತಪ್ಪಿದವರೆನ್ನುತ್ತೇವೆ. ‘ಹತ್ತು ಗಂಟೆಗಳವರೆಗೆ ನಡೆಯುತ್ತದೆ’ ಎಂಬ ವಾಕ್ಯವನ್ನು ಕನ್ನಡದ ಕಿವಿ ಸಹಜವಾಗಿ ಕೇಳಿಸಿಕೊಳ್ಳುವುದು ಹತ್ತನೆಯ ಗಂಟೆ ಮುಗಿಯುವ ತನಕ ನಿಲ್ಲದು ಎಂದೇ. ಪ್ರಾಮಾಣಿಕವಾದ ಅನುವಾದ ಬೇಕಾದರೆ ‘ಹೆಚ್ಚೆಂದರೆ ಹತ್ತು ಗಂಟೆ’ ಎನ್ನಬೇಕು. ಆದರೆ ‘ಹೆಚ್ಚೆಂದರೆ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಸರಕು ಮಾರಿದವರನ್ನು ನಾನಂತೂ ಕಂಡಿಲ್ಲ.

ಭಾಷೆಯ ಮಾತು ಹಾಗಿರಲಿ. ಗಣಿತವೇನು ಹೇಳುತ್ತದೆ? ಬ್ಯಾಟರಿಯಲ್ಲಿ ತುಂಬುವ ಶಕ್ತಿಯನ್ನು ವಾಟ್-ಗಂಟೆಗಳಲ್ಲಿ ಅಳೆಯುತ್ತಾರೆ. ಈ ಅಂಕಿ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ವೋಲ್ಟನ್ನೂ ಆಂಪಿಯರ್-ಗಂಟೆಯನ್ನೂ ಗುಣಿಸಿದರೆ ದೊರೆಯುತ್ತದೆ. ಮನೆಯ ಇನ್ವರ್ಟರಿನ 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ ಲೆಕ್ಕಕ್ಕೆ 1,800 ವಾಟ್-ಗಂಟೆ. ತಂಗಿಯ ಮಗಳ ಲ್ಯಾಪ್‌ಟಾಪಿನಲ್ಲಿದ್ದುದು 42 ವಾಟ್-ಗಂಟೆ. ಮಧ್ಯಮ ಬೆಲೆಯ ಯಂತ್ರಗಳಲ್ಲಿ ಇದು ಅಪರೂಪದ ಅಳತೆಯೇನಲ್ಲ. 42 ವಾಟ್-ಗಂಟೆ ಹತ್ತು ಗಂಟೆ ಬಾಳಬೇಕಾದರೆ ಇಡೀ ಯಂತ್ರ, ಅಂದರೆ ಪರದೆ, ಪ್ರೊಸೆಸರ್, ವೈ-ಫೈ ಎಲ್ಲವೂ ಸೇರಿ, ಸರಾಸರಿ 4.2 ವಾಟಿನಲ್ಲಿ ನಡೆಯಬೇಕು. ನಮ್ಮ ಅಡುಗೆಮನೆಯ 9 ವಾಟಿನ ಎಲ್‌ಇಡಿ ದೀಪ ಬಳಸುವುದರ ಅರ್ಧಕ್ಕಿಂತಲೂ ಕಡಿಮೆ! ಪರದೆಯನ್ನು ಮಂಕಾಗಿಸಿ, ಏನೂ ಮಾಡದೆ ಸುಮ್ಮನೆ ಇಟ್ಟರೆ ಅದು ಸಾಧ್ಯ. ಕ್ಯಾಮೆರಾ, ಧ್ವನಿ, ಅಂತರ್ಜಾಲ ಎಲ್ಲವನ್ನೂ ಏಕಕಾಲಕ್ಕೆ ದುಡಿಸುವ ವೀಡಿಯೊ ಕರೆಗೆ ಇಂಥ ಯಂತ್ರ ಹದಿನಾಲ್ಕು ವಾಟಿನಷ್ಟು ಬಳಸುವುದು ಅಸಹಜವಲ್ಲ. 42ನ್ನು 14ರಿಂದ ಭಾಗಿಸಿದರೆ ಬರುವುದು ಮೂರು. ಆ ಗುರುವಾರ ಆದದ್ದು ಅಷ್ಟೇ. ಯಂತ್ರದಲ್ಲಿ ದೋಷವಿರಲಿಲ್ಲ.

ಹಾಗಾದರೆ ಕಂಪನಿಗಳು ಸುಳ್ಳು ಹೇಳುತ್ತವೆಯೇ? ನೇರವಾಗಿ ಹಾಗೆನ್ನಲಾಗದು. ಯಾವುದೋ ಒಂದು ಪ್ರಯೋಗಾಲಯದಲ್ಲಿ, ಯಾವುದೋ ಒಂದು ಪರೀಕ್ಷೆಯಲ್ಲಿ ಆ ಸಂಖ್ಯೆ ನಿಜವಾಗಿಯೂ ಬಂದಿರುತ್ತದೆ. ಪ್ರಶ್ನೆ ಇರುವುದು ಆ ಪರೀಕ್ಷೆಯ ಸ್ವರೂಪದಲ್ಲಿ. ಉದ್ಯಮದ ಒಕ್ಕೂಟವಾದ ಬ್ಯಾಪ್ಕೋ ರೂಪಿಸಿದ ‘ಮೊಬೈಲ್‌ಮಾರ್ಕ್ 2007’ ಎಂಬ ಪರೀಕ್ಷೆ ಕೆಲವು ವರ್ಷ ಬಹಳ ಬಳಕೆಯಲ್ಲಿತ್ತು. ಅದರಲ್ಲಿ ಪರದೆಯ ಪ್ರಕಾಶವನ್ನು 60 ನಿಟ್‌ಗಳಿಗೆ ಇಳಿಸಲಾಗುತ್ತಿತ್ತು, ವೈ-ಫೈ ಆರಿಸಲಾಗಿರುತ್ತಿತ್ತು. ನಿಟ್ ಎಂಬುದು ಪರದೆಯ ಹೊಳಪಿನ ಅಳತೆ. ಸಾಮಾನ್ಯ ಲ್ಯಾಪ್‌ಟಾಪಿನ ಪೂರ್ಣ ಹೊಳಪು 250ರ ಆಸುಪಾಸು ಇರುತ್ತದೆ. ಅಂದರೆ ಕಾಲು ಭಾಗದ ಬೆಳಕಿನಲ್ಲಿ, ಅಂತರ್ಜಾಲವಿಲ್ಲದೆ ಕುಳಿತವನಿಗೆ ಸಿಗುವ ಗಂಟೆಗಳವು. 2009ರಲ್ಲಿ ಚಿಪ್ ತಯಾರಿಕಾ ಸಂಸ್ಥೆ ಎಎಂಡಿ ಈ ಪದ್ಧತಿಯನ್ನು ಬಹಿರಂಗವಾಗಿ ಪ್ರಶ್ನಿಸಿತು. ಮೊಬೈಲ್ ಫೋನುಗಳಿಗೆ ಮಾತಿನ ಅವಧಿ ಮತ್ತು ಕಾಯುವ ಅವಧಿಯನ್ನು ಬೇರೆಬೇರೆಯಾಗಿ ತಿಳಿಸುವಂತೆ ಲ್ಯಾಪ್‌ಟಾಪಿಗೂ ಎರಡು ಸಂಖ್ಯೆಗಳನ್ನು ಕೊಡಬೇಕೆಂದು ಒತ್ತಾಯಿಸಿತು. ಅದು ಇಂಟೆಲ್‌ನ ಪ್ರತಿಸ್ಪರ್ಧಿಯಾದ್ದರಿಂದ ಆ ಮಾತಿನಲ್ಲಿ ವ್ಯಾಪಾರದ ಲೆಕ್ಕ ಇರಲಿಲ್ಲವೆನ್ನಲಾಗದು. ಆದರೂ ಮಾತು ಸರಿಯಾದದ್ದೇ. ಜಪಾನಿನಲ್ಲಿ ಉದ್ಯಮ ಸಂಘಟನೆ ಜೆಇಐಟಿಎ ವೀಡಿಯೊ ನೋಡುವಾಗಿನ ಅವಧಿಯನ್ನೂ ಯಂತ್ರ ಸುಮ್ಮನಿರುವಾಗಿನ ಅವಧಿಯನ್ನೂ ಕೂಡಿಸಿ ಸರಾಸರಿ ತೆಗೆದು ಪ್ರಕಟಿಸುವ ಕ್ರಮವನ್ನು ಬಹುಕಾಲ ಪಾಲಿಸಿತು. ಇತ್ತೀಚಿನ ಆವೃತ್ತಿಯಲ್ಲಿ ಆ ಎರಡನ್ನೂ ಪ್ರತ್ಯೇಕವಾಗಿ ತೋರಿಸುವ ಕ್ರಮ ಬಂದಿದೆ. ಎಎಂಡಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಅಂತರ ಎಷ್ಟಿರಬಹುದು ಎಂಬುದಕ್ಕೆ ಬ್ರಿಟನ್ನಿನ ಗ್ರಾಹಕ ಸಂಸ್ಥೆ ‘ವಿಚ್?’ 2017ರಲ್ಲಿ ಪ್ರಕಟಿಸಿದ ಪರೀಕ್ಷೆ ಒಳ್ಳೆಯ ನಿದರ್ಶನ. ಅದು 67 ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಿತು. ಏಳು ಗಂಟೆ ಎಂದು ಸಾರಿದ್ದ ಡೆಲ್ ಕಂಪನಿಯ ಒಂದು ಇನ್‌ಸ್ಪಿರಾನ್ ನಾಲ್ಕು ಗಂಟೆಯನ್ನೂ ಮುಟ್ಟಲಿಲ್ಲ. ಒಂಬತ್ತು ಗಂಟೆ ಎಂದಿದ್ದ ಎಚ್‌ಪಿಯ ಒಂದು ಪೆವಿಲಿಯನ್ ನಾಲ್ಕೂವರೆಯೊಳಗೇ ಮುಗಿಯಿತು. ಹತ್ತು ಗಂಟೆ ಎಂದಿದ್ದ ಆಪಲ್‌ನ 13 ಅಂಗುಲದ ಮ್ಯಾಕ್‌ಬುಕ್ ಪ್ರೊ ಮಾತ್ರ ಹನ್ನೆರಡು ಗಂಟೆ ನಡೆಯಿತು. ಇದನ್ನು ಓದಿ ಆಪಲ್ ಅಭಿಮಾನಿಗಳು ಹಿಗ್ಗುವ ಮೊದಲು ಇನ್ನೊಂದು ಪ್ರಸಂಗವನ್ನೂ ನೆನೆಯಬೇಕು. 2016ರ ಡಿಸೆಂಬರಿನಲ್ಲಿ ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಸಂಸ್ಥೆಯ ಪರೀಕ್ಷೆಯಲ್ಲಿ ಹೊಸ ಮ್ಯಾಕ್‌ಬುಕ್ ಪ್ರೊ ಒಮ್ಮೆ 16 ಗಂಟೆ ನಡೆದು, ಮತ್ತೊಮ್ಮೆ ನಾಲ್ಕು ಗಂಟೆಯೂ ನಡೆಯದೆ ನಿಂತಿತ್ತು. ಪರೀಕ್ಷೆಗಾಗಿ ಬ್ರೌಸರಿನ ಒಂದು ಸೌಲಭ್ಯವನ್ನು ಆರಿಸಿದಾಗ ಅದರ ತಂತ್ರಾಂಶದಲ್ಲಿದ್ದ ದೋಷ ಹೊರಬಿದ್ದದ್ದೇ ಕಾರಣವೆಂದು ತಿಳಿದು, 2017ರ ಜನವರಿಯಲ್ಲಿ ಅದು ಸರಿಹೋಯಿತು. ಒಂದೇ ಯಂತ್ರ, ಒಂದೇ ಬ್ಯಾಟರಿ. ಕಣ್ಣಿಗೆ ಕಾಣದ ಒಂದು ಸಣ್ಣ ವ್ಯತ್ಯಾಸಕ್ಕೆ ಹನ್ನೆರಡು ಗಂಟೆಗಳ ಅಂತರ ಬಿದ್ದಿತ್ತು.

ಅಂದಿನಿಂದ ಇಂದಿಗೆ ಪರಿಸ್ಥಿತಿ ಸುಧಾರಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 2020ರಲ್ಲಿ ಆಪಲ್ ತನ್ನದೇ ಚಿಪ್ ತಂದಿತು. ಇಂಟೆಲ್ ಅದೇ ವರ್ಷ ‘ಇವೊ’ ಮುದ್ರೆಯ ಯಂತ್ರಗಳಿಗೆ ನಿಜಬಳಕೆಯಲ್ಲಿ ಒಂಬತ್ತು ಗಂಟೆಗಳಾದರೂ ಬರಬೇಕೆಂಬ ನಿಯಮ ಮಾಡಿತು. 2024ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ತನ್ನ ಹೊಸ ವರ್ಗದ ಲ್ಯಾಪ್‌ಟಾಪ್‌ಗಳನ್ನು ಪರಿಚಯಿಸುತ್ತ, ಯಂತ್ರದಲ್ಲೇ ಇಟ್ಟ ವೀಡಿಯೊ ನೋಡಿದರೆ 22 ಗಂಟೆ, ಅಂತರ್ಜಾಲ ಜಾಲಾಡಿದರೆ 15 ಗಂಟೆ ಎಂದು ಎರಡು ಸಂಖ್ಯೆಗಳನ್ನು ಹೇಳಿತು. ಎರಡರ ಹಿಂದೆಯೂ ‘ಅಪ್ ಟು’ ಇತ್ತು, ಆ ಮಾತು ಬೇರೆ. ಇಲ್ಲಿ ಕಂಪನಿಯೇ ತನ್ನ ಬಾಯಿಂದ ಏಳು ಗಂಟೆಗಳ ಅಂತರವನ್ನು ಒಪ್ಪಿಕೊಂಡಿರುವುದು ಗಮನಾರ್ಹ. ವೀಡಿಯೊ ತೋರಿಸಲು ಚಿಪ್ಪಿನಲ್ಲೇ ಪ್ರತ್ಯೇಕ ಭಾಗವಿರುವುದರಿಂದ ಅದಕ್ಕೆ ಶಕ್ತಿ ಬಹಳ ಕಡಿಮೆ ಸಾಕು. ಜಾಹೀರಾತಿನಲ್ಲಿ ಹೆಚ್ಚಾಗಿ ದೊಡ್ಡದಾಗಿ ಕಾಣುವುದು ವೀಡಿಯೊ ಅವಧಿಯೇ ಏಕೆ ಎಂಬುದು ಇದರಿಂದ ತಿಳಿಯುತ್ತದೆ. ಸುಧಾರಣೆಯ ಹೆಚ್ಚಿನ ಫಲ ಸಿಕ್ಕಿರುವುದೂ ದುಬಾರಿ ಯಂತ್ರಗಳಿಗೆ. ಐವತ್ತು ಸಾವಿರದ ಆಸುಪಾಸಿನಲ್ಲಿ ಕೊಳ್ಳುವವರಿಗೆ ಹಳೆಯ ಲೆಕ್ಕವೇ ಬಹುಮಟ್ಟಿಗೆ ಗತಿ. ಬ್ಯಾಟರಿಯನ್ನೇ ಎಷ್ಟು ಬೇಕಾದರೂ ದೊಡ್ಡದು ಮಾಡಲೂ ಬರುವುದಿಲ್ಲ. ವಿಶೇಷ ಅನುಮತಿಯಿಲ್ಲದೆ ವಿಮಾನದಲ್ಲಿ ಒಯ್ಯಬಹುದಾದ ಮಿತಿ 100 ವಾಟ್-ಗಂಟೆ.

ಇವೆಲ್ಲವೂ ಹೊಸ ಬ್ಯಾಟರಿಯ ಮಾತು. ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಸೋನಿ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂತು. ಅದರ ಹಿಂದಿದ್ದ ಮೂವರು ವಿಜ್ಞಾನಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅದರ ಸ್ವಭಾವದಲ್ಲೇ ಸವೆತವಿದೆ. ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಅದಕ್ಕೆ ಪರಮ ವೈರಿಗಳು ಎರಡು, ಒಂದು ಶಾಖ, ಇನ್ನೊಂದು ಸದಾ ನೂರಕ್ಕೆ ನೂರು ತುಂಬಿಟ್ಟಿರುವುದು. ನಮ್ಮ ಮನೆಗಳಲ್ಲಿ ಎರಡೂ ಕೂಡಿಬರುತ್ತವೆ. ಚೆನ್ನೈ, ಹೈದರಾಬಾದ್, ದೆಹಲಿಗಳ ಮೇ ತಿಂಗಳ ಸೆಕೆಯಲ್ಲಿ, ಹಾಸಿಗೆಯ ಮೇಲೆ ಗಾಳಿಕಿಂಡಿ ಮುಚ್ಚುವಂತೆ ಇಟ್ಟು, ಚಾರ್ಜರಿನ ತಂತಿಯನ್ನು ಹಗಲಿರುಳೂ ತೆಗೆಯದೆ ಬಳಸುವುದು ಸಾಮಾನ್ಯ ದೃಶ್ಯ. ಒಂದೆರಡು ವರ್ಷಗಳಲ್ಲಿ ಮೂರು ಗಂಟೆ ಎರಡಾಗುವುದರಲ್ಲಿ ಆಶ್ಚರ್ಯವೇನಿದೆ? ಅಷ್ಟರಲ್ಲಿ ಬ್ಯಾಟರಿಯ ವಾರಂಟಿಯೂ ಮುಗಿದಿರುತ್ತದೆ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು.

ಇನ್ನು ಕಾನೂನಿನ ವಿಚಾರ. ನಮ್ಮಲ್ಲಿ ಮಾರಾಟವಾಗುವ ಲ್ಯಾಪ್‌ಟಾಪಿಗೆ ಸುರಕ್ಷತೆಯ ದೃಷ್ಟಿಯಿಂದ ಬಿಐಎಸ್ ನೋಂದಣಿ ಕಡ್ಡಾಯವಾಗಿದೆ. ಅದು ಬೆಂಕಿ ಹತ್ತದಂತೆ ನೋಡಿಕೊಳ್ಳುವ ನಿಯಮ, ಗಂಟೆಗಳ ಲೆಕ್ಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಾರುಗಳ ವಿಷಯದಲ್ಲಿ ಹೀಗಿಲ್ಲ. ಪುಣೆಯ ಎಆರ್‌ಎಐ ಸಂಸ್ಥೆಯ ಹೆಸರಿನಲ್ಲಿ ಪ್ರಚಲಿತವಾದ ಮೈಲೇಜ್ ಅಂಕಿ ರಸ್ತೆಯಲ್ಲಿ ಬರುವುದಿಲ್ಲವೆಂದು ನಾವೆಲ್ಲ ಗೊಣಗುವುದುಂಟು. ಆದರೆ ಎಲ್ಲ ಕಾರುಗಳಿಗೂ ಒಂದೇ ಪರೀಕ್ಷಾಕ್ರಮ ಇರುವುದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಲಾದರೂ ಬರುತ್ತದೆ. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಆ ಅನುಕೂಲವೂ ಇಲ್ಲ. ಒಂದು ಕಂಪನಿಯ ಹತ್ತು ಗಂಟೆ ವೀಡಿಯೊದ್ದು, ಇನ್ನೊಂದರ ಎಂಟು ಗಂಟೆ ಅಂತರ್ಜಾಲದ್ದು. ಎಂಟೇ ಹೆಚ್ಚು ಬಾಳೀತು! ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಮೇಲೆ ಒಂದೇ ಬಗೆಯ ಪರೀಕ್ಷೆಯಲ್ಲಿ ಬಂದ ಬ್ಯಾಟರಿ ಅವಧಿಯನ್ನೂ, ಎಷ್ಟು ಬಾರಿ ಚಾರ್ಜ್ ಮಾಡುವವರೆಗೆ ಬ್ಯಾಟರಿ ಬಾಳುತ್ತದೆಂಬುದನ್ನೂ ಚೀಟಿಯಲ್ಲಿ ನಮೂದಿಸುವುದು ಕಡ್ಡಾಯವಾಗಿದೆ. ಲ್ಯಾಪ್‌ಟಾಪ್ ಅದರೊಳಗೆ ಸೇರಿಲ್ಲ. ಆದರೆ ಇಂಥದು ಅಸಾಧ್ಯವೆಂದು ಇನ್ನು ಯಾರೂ ವಾದಿಸಲಾರರು.

ನಮ್ಮಲ್ಲಿ ಕಾನೂನು ಪೂರ್ತಿ ಮೌನವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚಿತವಾದ ಕೇಂದ್ರೀಯ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅಡಿಟಿಪ್ಪಣಿಯು ಮುಖ್ಯ ಮಾತನ್ನು ವಿವರಿಸಬಹುದು, ಆದರೆ ಅದಕ್ಕೆ ವಿರುದ್ಧವಾಗಿರಕೂಡದು. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ ಅದು. ನನ್ನ ಅಭಿಪ್ರಾಯದಲ್ಲಿ, ‘ಇಡೀ ದಿನದ ಬ್ಯಾಟರಿ’ ಎಂದು ಸಾರಿ, ಪರದೆ ಮಂಕಾಗಿಸಿ ವೀಡಿಯೊ ನೋಡಿದಾಗ ಮಾತ್ರ ಎಂದು ಕೆಳಗೆ ಬರೆಯುವುದು ವಿವರಣೆಯ ಗಡಿಯನ್ನು ದಾಟಿದಂತೆಯೇ. ಇಂಥ ಜಾಹೀರಾತು ಕಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು. ದೂರು ಕೊಡುವುದೆಂದರೆ ಜಗಳವೆಂದು ಭಾವಿಸಿ ಹಿಂಜರಿಯುವ ಸ್ವಭಾವ ನಮ್ಮವರಲ್ಲಿ ತುಸು ಹೆಚ್ಚೇ ಇದೆ.

ಅಂಗಡಿಗೆ ಹೋದಾಗ ಗಂಟೆಯನ್ನು ಕೇಳುವ ಬದಲು ವಾಟ್-ಗಂಟೆಯನ್ನು ಕೇಳುವುದು ಲೇಸು. ಅದನ್ನು ಹತ್ತರಿಂದ ಭಾಗಿಸಿದರೆ ಸಾಧಾರಣ ಓದು-ಬರಹದ ಗಂಟೆಗಳ ಸ್ಥೂಲ ಅಂದಾಜು ಸಿಗುತ್ತದೆ. ವೀಡಿಯೊ ತರಗತಿಗಳಿಗಾದರೆ ಹದಿನಾಲ್ಕು-ಹದಿನೈದರಿಂದ ಭಾಗಿಸಿ. ಹೊಸ ಮಿತವ್ಯಯಿ ಚಿಪ್‌ಗಳಿದ್ದರೆ ಉತ್ತರ ಇದಕ್ಕಿಂತ ಚೆನ್ನಾಗಿರುತ್ತದೆ, ಆಟಗಳ ಯಂತ್ರವಾದರೆ ಇದಕ್ಕಿಂತ ಕೆಟ್ಟದಾಗಿರುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಯಂತ್ರದ ಸ್ಥಿತಿ ತಿಳಿಯಲು ವಿಂಡೋಸ್‌ನಲ್ಲಿ ‘ಬ್ಯಾಟರಿ ರಿಪೋರ್ಟ್’ ಎಂಬ ವರದಿ ತೆಗೆಯುವ ಸೌಲಭ್ಯವಿದೆ. ಕಾರ್ಖಾನೆಯಿಂದ ಹೊರಟಾಗ ಎಷ್ಟಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ಮಕ್ಕಳನ್ನು ಕೇಳಿದರೆ ತೆಗೆದುಕೊಟ್ಟಾರು.

ತಂಗಿಯ ಮಗಳು ಮೊನ್ನೆ ತನ್ನದನ್ನು ತೆಗೆದು ನೋಡಿದಳು. 42 ಇದ್ದದ್ದು ಹದಿನಾಲ್ಕು ತಿಂಗಳಲ್ಲಿ 36ಕ್ಕೆ ಇಳಿದಿತ್ತು. ಈಗ ಚಾರ್ಜಿನ ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಿದ್ದಾಳೆ. ಬುಧವಾರ ರಾತ್ರಿ ಮಾತ್ರ ನೂರಕ್ಕೆ ತುಂಬುತ್ತಾಳೆ.